ಶರೀರಭಾವವೂ ಗಂಜಿಯೂ

ಒದ್ದೆ ಬೆಡ್‌ಶೀಟುಗಳನ್ನು ಬಕೆಟ್ಟಿನಿಂದ ಎತ್ತಿ ಹಿತ್ತಲ ತಂತಿಗೆ ಹಾಕುತ್ತಿದ್ದೆ. ಮಳೆ ಬಿಟ್ಟು ನಮ್ಮ ಊರು ಗಿರಾವೀನ್‌ನಲ್ಲಿ ಬಿಸಿಲು ಕಂಡ ದಿನ ಅದು. ಮೆಲ್ಬರ್ನ್‌ನ ಟಾರ್ನೀಟ್‌ನಿಂದ ನಾದಿನಿಯ ಫೋನ್ ಬಂತು.

"ಅತ್ತಿಗೆ, ಅಮ್ಮ ಬಾತ್‌ರೂಮಿನಲ್ಲಿ ತಲೆ ತಿರುಗಿ ಬಿದ್ದರು. ಆಸ್ಪತ್ರೆಯಿಂದ ಈಗಷ್ಟೇ ಕರ್ಕೊಂಡು ಬಂದೆವು. ಮೂಳೆ ಎಂತದೂ ಮುರಿದಿಲ್ಲ."

ದೇವರಿಗೆ ಸ್ತೋತ್ರ, ಎಂದೆ.

"ಶುಗರ್ ಪೂರ ಇಳಿದುಹೋಗಿತ್ತು. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದ್ದಾರೆ. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಅಂದರು ಡಾಕ್ಟರ್. ಆದರೂ ಉಪವಾಸ ಬಿಡುವುದಿಲ್ಲವಂತೆ."

ನಾದಿನಿಯ ಮಗಳು ಯೂನಿವರ್ಸಿಟಿಗೆ ಸೇರಿದ ಮೇಲೆ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಮೊಮ್ಮಗಳು ತಿರುಗಿ ಬರುವವರೆಗೆ ಉಪವಾಸ ಪ್ರಾರ್ಥನೆ ಎಂದು ಅತ್ತೆ ಕೂತಿದ್ದರು. ಮೊದಲು ಬೆಳಗಿನ ತಿಂಡಿ ಬಿಟ್ಟರು, ಆಮೇಲೆ ಮಧ್ಯಾಹ್ನದ್ದು, ಈಗ ಬರೀ ಕರಿ ಚಹಾ.

ಕೆಲಸದಲ್ಲಿದ್ದ ಯಜಮಾನರಿಗೆ ಫೋನ್ ಮಾಡಿದೆ. "ಅಮ್ಮ ನನ್ನ ಮಾತೇ ಕೇಳಲ್ಲ. ನೀನು ಹೋಗಿ ಏನು ಮಾಡ್ತೀಯ?" ಎಂದರು.

"ಉಣ್ಣಿಸಿ ಬರ್ತೀನಿ," ಎಂದೆ. ತಂತಿಗೆ ಹಾಕದ ಬೆಡ್‌ಶೀಟುಗಳು ಬಕೆಟ್ಟಿನಲ್ಲೇ ಉಳಿದವು. ಆ ಮಧ್ಯಾಹ್ನದ ವಿಮಾನದಲ್ಲೇ ಸೀಟು ಸಿಕ್ಕಿತು. ಅದಕ್ಕೂ ಸ್ತೋತ್ರ.

ಟಾರ್ನೀಟ್‌ನ ಅಂಗಡಿಯಲ್ಲಿ ಕುಚ್ಚಲಕ್ಕಿಯೂ ಒಣಮೀನೂ ಇದ್ದವು, ಕೊಂಡು ನಾದಿನಿಯ ಮನೆಗೆ ಹೋದೆ. ನಾನು ಬೆಂಗಳೂರಿನವಳು, ಮದುವೆಯಾಗಿ ಬರುವವರೆಗೆ ಕುಚ್ಚಲಕ್ಕಿ ಮುಟ್ಟಿದವಳಲ್ಲ. ಅತ್ತೆ ಮಂಗಳೂರಿನವರು, ಗಂಜಿ ಬೇಯಿಸುವುದನ್ನು ಕಲಿಸಿದ್ದು ಅವರೇ. ಒಣಮೀನಿನ ಚಟ್ನಿ ಅರೆದು, ಒಲೆಯ ಮೇಲೆ ಗಂಜಿ ಇಟ್ಟು ಅವರ ಕೋಣೆಗೆ ಹೋದೆ. ಗೋಡೆಗೆ ಒರಗಿ ಮಂಚದಲ್ಲಿ ಕೂತಿದ್ದರು. ಕೈಯ ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು.

"ನೀನು ಯಾಕೆ ಬಂದದ್ದು? ನನಗೆ ಎಂತ ಆಗಿದೆ?"

"ಊಟದ ಹೊತ್ತಾಗಿದೆ, ಅತ್ತೆ."

"ನನಗೆ ಶರೀರದ ಚಿಂತೆ ಇಲ್ಲ. ದೇವರ ವಾಕ್ಯದಲ್ಲಿ ಉಂಟಲ್ಲ, ಶರೀರಭಾವಕ್ಕೆ ಸೋಲಬಾರದು ಅಂತ. ಇದು ಮಣ್ಣು, ಮಣ್ಣಿಗೆ ಹೋಗುತ್ತದೆ. ಆತ್ಮ ಗಟ್ಟಿ ಇದ್ದರೆ ಸಾಕು."

ಈ ಒಂದು ಪದವನ್ನು ನಮ್ಮವರಲ್ಲಿ ಎಷ್ಟೋ ಹಿರಿಯರು ಹೀಗೇ ಹಿಡಿದುಕೊಂಡಿದ್ದಾರೆ. ಶರೀರಭಾವ ಎಂದು ಓದಿದೊಡನೆ ತಮ್ಮ ಕೈಕಾಲು, ಹೊಟ್ಟೆಯ ಕಡೆ ನೋಡುತ್ತಾರೆ.

"ಶರೀರ ಬೇರೆ, ಶರೀರಭಾವ ಬೇರೆ ಅಲ್ವಾ ಅತ್ತೆ? ಶರೀರಭಾವ ಅಂತ ಅಲ್ಲಿ ಹೇಳಿರೋದು ಜಗಳ, ಹೊಟ್ಟೆಕಿಚ್ಚು, ಸಿಟ್ಟು. ಹಸಿವನ್ನಲ್ಲ. ನಾನು ಅಂದುಕೊಂಡ ಹಾಗೆಯೇ ಆಗಬೇಕು, ಇಲ್ಲಾಂದ್ರೆ ಸಾಯ್ತೀನಿ ಅಂತ ಕೂತಿದ್ದೀರಲ್ಲ, ಆ ಹಟ ಯಾವ ಲೆಕ್ಕಕ್ಕೆ ಬರುತ್ತೆ ಹೇಳಿ."

"ಅತ್ತೆಗೇ ಉಪದೇಶವಾ?"

"ಸತ್ತ ಶರೀರ ಎದ್ದು ಬರುತ್ತೆ ಅಂತ ನಂಬ್ತೀನಿ ಅಂತ ಪ್ರತಿ ಭಾನುವಾರ ಚರ್ಚಿನಲ್ಲಿ ನೀವೇ ಗಟ್ಟಿಯಾಗಿ ಹೇಳ್ತೀರಿ. ಬರೀ ಮಣ್ಣಾಗಿದ್ದರೆ ದೇವರು ಅದನ್ನ ಯಾಕೆ ಎಬ್ಬಿಸ್ತಾನೆ? ಸ್ವಾಮಿ ಸತ್ತು ಎದ್ದ ಮೇಲೂ ಶಿಷ್ಯರ ಹತ್ತಿರ ತಿನ್ನೋಕೆ ಕೇಳಿ, ಮೀನು ತಿಂದು ತೋರಿಸಿದ."

ಅತ್ತೆ ಮುಖ ಗೋಡೆಗೆ ತಿರುಗಿಸಿದರು. ಹಾಗೇ ಎದ್ದು ಹೋಗಲು ನನಗೆ ಮನಸ್ಸಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ.

ಅಡುಗೆಮನೆಯಿಂದ ಗಂಜಿಯ ಬಟ್ಟಲು ಹಿಡಿದು ಮೊಮ್ಮಗಳು ಬಂದಳು. ಒಣಮೀನಿನ ಚಟ್ನಿಯನ್ನೂ ಬಡಿಸಿ ತಂದಿದ್ದಳು. ಯಾವಾಗಲೂ ಅದರ ವಾಸನೆಗೆ ಮೂಗು ಮುಚ್ಚುವ ಹುಡುಗಿ.

"ಅಜ್ಜಿ, ಐ ಡೋಂಟ್ ವಾಂಟ್ ಯೂ ಟು ಡೈ ಫಾರ್ ಮೈ ಸಂಡೇಸ್," ಎಂದಳು. ಚಮಚದಲ್ಲಿ ಗಂಜಿ ತೆಗೆದು ಅಜ್ಜಿಯ ಮುಂದೆ ಹಿಡಿದಳು.

"ಎಂತ ಹೇಳಿದಳು?" ಅತ್ತೆ ನನ್ನನ್ನು ಕೇಳಿದರು. ಅವರಿಗೆ ತಿಳಿದಿತ್ತು.

"ನಿಮ್ಮ ಸಾವನ್ನ ಅವಳ ತಲೆ ಮೇಲೆ ಹೊರಿಸಬೇಡಿ ಅಂತ."

ಅತ್ತೆ ಗೋಡೆಯಿಂದ ಈಚೆ ತಿರುಗಿ ಆ ಹುಡುಗಿಯ ಕೈಯ ಚಮಚವನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಹೇಳಿ ಬಾಯಿ ತೆರೆದರು. ಒಂದು ಚಮಚ ನುಂಗಿ ನನ್ನ ಕಡೆ ತಿರುಗಿದರು.

"ಇನ್ನೊಂದು ಕುದಿ ಬೇಕಿತ್ತು. ಬೆಂಗಳೂರಿನವರಿಗೆ ಗಂಜಿಗೂ ಅವಸರ."

ಸ್ತೋತ್ರ, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಟ್ಟಲು ಖಾಲಿಯಾಯಿತು.

"ಊಟ ಮಾಡಿದೆ ಅಂತ ಪ್ರಾರ್ಥನೆ ಬಿಟ್ಟೆ ಅಂದುಕೊಳ್ಳಬೇಡ," ಎಂದು ಮೊಮ್ಮಗಳಿಗೆ ಹೇಳಿದರು.

"ಓಕೆ, ಅಜ್ಜಿ," ಎಂದಳು ಅವಳು. ಚರ್ಚಿಗೆ ಬರುತ್ತೇನೆಂದು ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ. ಬಟ್ಟಲು ತೊಳೆಯಲು ಮಾತ್ರ ಅವಳೇ ಹೋದಳು.

ಮಾತ್ರೆ, ಊಟ ಎರಡೂ ಒಂದು ಹದಕ್ಕೆ ಬರುವವರೆಗೆ ಅಲ್ಲಿದ್ದೆ. ಹೊರಡುವಾಗ ಅತ್ತೆ, "ಬರುವ ತಿಂಗಳು ನಾನೇ ಗಿರಾವೀನ್‌ಗೆ ಬರುತ್ತೇನೆ. ನಿನಗೆ ಗಂಜಿ ಸರಿಯಾಗಿ ಕಲಿಸಬೇಕು," ಎಂದರು.

ಮನೆಗೆ ಬಂದು ನೋಡಿದರೆ ಬೆಡ್‌ಶೀಟುಗಳು ಬಕೆಟ್ಟಿನಲ್ಲೇ ಮುಗ್ಗಲು ಹಿಡಿದಿದ್ದವು. ಯಜಮಾನರು ಆ ಬಕೆಟ್ಟನ್ನು ದಾಟಿಕೊಂಡೇ ಓಡಾಡಿದ್ದರು. ಬರುವ ತಿಂಗಳು ಅತ್ತೆಯ ಮಂಚಕ್ಕೆ ಅವೇ ಬೇಕು. ಮತ್ತೆ ಮೆಷಿನ್ನಿಗೆ ಹಾಕಿ, ಬಿಸಿನೀರಿಗೆ ತಿರುಗಿಸಿ, ಬಟನ್ ಒತ್ತಿದೆ.