ಏಳನೆಯ ಮಹಡಿಗೆ ಲಿಫ್ಟ್ ಬಂದ ವರ್ಷ

ಘಣಸೋಲಿಯ ಆ ಕಟ್ಟಡದಲ್ಲಿ ಏಳನೆಯ ಮಹಡಿಯೇ ಬೇಕೆಂದು ಹಟ ಹಿಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಿಲ್ಡರನನ್ನು ಬೈಯಲು ಶುರು ಮಾಡಿದರೆ ನನ್ನ ಪಾಲು ನನಗೆ ಮರೆತುಹೋಗುತ್ತದೆ. ತಮ್ಮ ಅಮ್ಮನಿಗೆ ಮಂಡಿನೋವು, ಒಂದನೆಯ ಮಹಡಿ ಸಾಕು ಎಂದು ನನ್ನ ಗಂಡ ಹೇಳಿದ್ದರು. ನಾನು ಡೊಂಬಿವಲಿಯ ಸಾಲುಕೋಣೆಗಳ ಚಾಳಿನಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದು ಠಾಣೆ ಪಟ್ಟಣದ ನಾಕಾ ಚೌಕದ ಹತ್ತಿರದ ನೆಲಮಟ್ಟದ ಬಾಡಿಗೆ ಕೋಣೆಗೆ. ಕಿಟಕಿ ತೆರೆದರೆ ಯಾರದೋ ಸ್ಕೂಟರಿನ ಹಿಂಭಾಗ ಕಾಣುವ ಮನೆಗಳೇ ನನ್ನ ಹಣೆಯಲ್ಲಿ ಬರೆದಿದ್ದವು. ಲಿಫ್ಟ್ ಇರುತ್ತದಲ್ಲ, ಮಂಡಿಗೇನು ತೊಂದರೆ ಎಂದು ವಾದಿಸಿದೆ. ಮೇಲೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಗಾಳಿ ಬರುತ್ತದೆ ಎಂದೆ.

ಸ್ಯಾಂಪಲ್ ಫ್ಲ್ಯಾಟ್ ನೋಡಿ ಬಂದ ದಿನ ನನಗೆ ನೆಲ ಕಾಣುತ್ತಿರಲಿಲ್ಲ. ಅಲ್ಲಿನ ಮಂಚ ಯಾಕೆ ಅಷ್ಟು ಚಿಕ್ಕದಾಗಿತ್ತು, ಕೋಣೆಗಳಿಗೆ ಬಾಗಿಲನ್ನೇ ಯಾಕೆ ಕೂರಿಸಿರಲಿಲ್ಲ ಎಂಬುದು ಹೊಳೆದದ್ದು ನಮ್ಮ ಮನೆಯ ಬೀಗದ ಕೈ ಸಿಕ್ಕಿದ ಮೇಲೆಯೇ. ನಮ್ಮ ಮಂಚ ಹಾಕಿದರೆ ಮಲಗುವ ಕೋಣೆಯ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಅಡುಗೆಮನೆಯ ಕಿಟಕಿ ಪೈಪುಗಳ ಕತ್ತಲೆ ಡಕ್ಟಿಗೆ ತೆರೆದುಕೊಂಡಿತ್ತು. ಉಳಿದೆರಡು ಕಿಟಕಿಗಳ ಎದುರಿಗೆ ಬಿ ವಿಂಗಿನ ಸಿಮೆಂಟ್ ಗೋಡೆ ಏಳುತ್ತಿತ್ತು. ನಾನು ಆಸೆಪಟ್ಟ ಖಾಡಿ ಆ ಗೋಡೆಯ ಆಚೆಗೆಲ್ಲೋ ಇತ್ತಂತೆ.

ಕಟ್ಟಡ ಮುಗಿದಿರಲಿಲ್ಲ. ಲಿಫ್ಟಿನ ಜಾಗದಲ್ಲಿ ಪ್ಲೈವುಡ್ ಹಲಗೆ ಹೊಡೆದಿದ್ದರು, ಮೆಟ್ಟಿಲುಗಳಿಗೆ ಹಿಡಿದುಕೊಳ್ಳುವ ಕಂಬಿಯೂ ಇರಲಿಲ್ಲ. ವಾಸಕ್ಕೆ ಪಾಲಿಕೆಯ ಪರವಾನಗಿ ಬರುವವರೆಗೆ ಬಣ್ಣ, ಕಪಾಟು ಮಾಡಿಸಿಕೊಳ್ಳಿ ಎಂದು ಬೀಗದ ಕೈ ಕೊಟ್ಟಿದ್ದರು, ಅಷ್ಟೆ. ಆದರೆ ಮಳೆಗಾಲದ ಆಟಿ ತಿಂಗಳು ಹತ್ತಿರ ಬಂದಿತ್ತು. ನಮ್ಮ ಉಡುಪಿ ಕಡೆಯವರು ಆಟಿಯಲ್ಲಿ ಒಳ್ಳೆಯ ಕೆಲಸ ಯಾವುದನ್ನೂ ಮಾಡುವುದಿಲ್ಲ. ಅದಕ್ಕಿಂತ ಮೊದಲೇ ಮನೆ ಒಕ್ಕಲಿನ ಪೂಜೆ ಮುಗಿಸಿಬಿಡೋಣ, ಹಾಲು ಉಕ್ಕಿಸಿ ಸಂಜೆಯೊಳಗೆ ಠಾಣೆಗೆ ವಾಪಸಾಗೋಣ, ಲಿಫ್ಟ್ ಬಂದ ಮೇಲೆ ಸಾಮಾನು ಸಾಗಿಸೋಣ ಎಂಬುದೂ ನನ್ನದೇ ಲೆಕ್ಕಾಚಾರ.

ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನನ್ನ ಗಂಡ ಮತ್ತು ಅವರ ರಬಾಳೆಯ ಕಂಪನಿಯ ಇಬ್ಬರು ಗೆಳೆಯರು ಏಳು ಮಹಡಿ ಹೊತ್ತು ತಂದರು. ಪೂಜೆಯಾಯಿತು, ಹಾಲು ಉಕ್ಕಿತು, ಊಟವಾಯಿತು. ಹೊರಡೋಣ ಎಂದಾಗ ಅತ್ತೆ ಏಳಲಿಲ್ಲ. ಹಾಲು ಉಕ್ಕಿಸಿದ ಮನೆಯಲ್ಲಿ ಅದೇ ಸಂಜೆ ದೀಪ ಹಚ್ಚದೆ ಕತ್ತಲು ಬಿಟ್ಟು ಹೋಗುವುದೆಂದರೇನು, ನೀವು ಬೇಕಾದರೆ ಹೋಗಿ, ನಾನು ಇರುತ್ತೇನೆ ಎಂದರು. ಅವರೊಬ್ಬರನ್ನೇ ಬಿಡಲಾದೀತೇ? ನಾವೂ ಉಳಿದೆವು. ನಾಲ್ಕು ದಿನದ ಮಾತು ಎಂದುಕೊಂಡದ್ದು ನಲವತ್ತು ದಿನವಾಯಿತು, ಠಾಣೆಯ ಕೋಣೆಯನ್ನು ಬಿಟ್ಟುಕೊಟ್ಟೆವು. ಹಾಗೆ ಇನ್ನೂ ಮನೆಯಾಗದ ಮನೆಗೆ ನಾವು ಒಕ್ಕಲಾದೆವು.

ಅತ್ತೆ ಮತ್ತೆ ಕೆಳಗಿಳಿಯಲಿಲ್ಲ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕೆಡುಕು ಎಂದು ಡಾಕ್ಟರು ಹೇಳಿದ್ದರು. ಠಾಣೆಯಲ್ಲಿ ಅವರು ಸಂಜೆಯಾದರೆ ಹೊಸ್ತಿಲಲ್ಲಿ ಕೂತು ಸೊಪ್ಪು ಸೋಸುತ್ತ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಭಾಷೆ ಬರದಿದ್ದರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಇಲ್ಲಿ ನಾನು ಬೆಳಿಗ್ಗೆ ಲೋಕಲ್ ರೈಲು ಹಿಡಿದು ಠಾಣೆಯ ಆಫೀಸಿಗೆ ಹೊರಟರೆ, ಗಂಡ ರಬಾಳೆಗೆ ಹೊರಟರೆ, ಅವರೂ ಎದುರಿನ ಗೋಡೆಯೂ ಇಬ್ಬರೇ. ನಮ್ಮ ಮಹಡಿಯಲ್ಲಿ ಬೇರೆ ಯಾರೂ ಬಂದಿರಲಿಲ್ಲ. ನಾನು ಸಂಜೆ ಏದುಸಿರು ಬಿಡುತ್ತ ಮೇಲೆ ಬಂದಾಗ ಅವರು ಬಾಗಿಲಲ್ಲೇ ನಿಂತಿರುತ್ತಿದ್ದರು. ನನಗೆ ಆಗ ಸಿಟ್ಟು ಬರುತ್ತಿತ್ತು. ಅದು ಅವರ ಮೇಲಿನ ಸಿಟ್ಟಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಅವರನ್ನು ಉಳಿಸಿದ್ದು ಒಬ್ಬ ಕೂಲಿ ಹೆಂಗಸು. ನಮ್ಮ ಮೇಲಿನ ಮಹಡಿಗಳಲ್ಲಿ ಇನ್ನೂ ಕೆಲಸ ನಡೆದಿತ್ತು. ಕಲಬುರಗಿ ಕಡೆಯ ಆಕೆ ತಲೆಯ ಮೇಲೆ ಮರಳು, ಟೈಲ್ಸು ಹೊತ್ತು ದಿನಕ್ಕೆ ಹತ್ತಾರು ಸಲ ಹತ್ತಿಳಿಯುತ್ತಿದ್ದಳು. ಒಂದು ದಿನ ನಮ್ಮ ಬಾಗಿಲ ಮುಂದೆ ನಿಂತು, “ಯವ್ವಾ, ಒಂದ್ ಚೆರಗಿ ನೀರ್ ಕೊಡ್ರಿ” ಎಂದಳಂತೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅತ್ತೆ ಆಕೆಯನ್ನು ಒಳಗೆ ಕರೆದು ಕೂರಿಸಿಕೊಂಡರು. ಚೆರಗಿ ಎಂದರೆ ತಂಬಿಗೆ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತಂತೆ.

ಅಂದಿನಿಂದ ಬಾಗಿಲ ಹೊರಗೆ, ಮೆಟ್ಟಿಲ ತಲೆಯಲ್ಲಿ, ಒಂದು ಸ್ಟೀಲ್ ತಂಬಿಗೆಯಲ್ಲಿ ನೀರು ಇರುತ್ತಿತ್ತು. ಮಧ್ಯಾಹ್ನದ ಬಿಡುವಿಗೆ ಆಕೆ ತನ್ನ ಜೋಳದ ರೊಟ್ಟಿಯ ಗಂಟು ಹಿಡಿದು ಬರುತ್ತಿದ್ದಳು. ಅತ್ತೆ ಸಾರು, ಉಪ್ಪಿನಕಾಯಿ ಬಡಿಸುತ್ತಿದ್ದರು. ತಮಗೆ ಹಲ್ಲಿಲ್ಲದ್ದರಿಂದ ಆಕೆ ಕೊಟ್ಟ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಟ್ಟು ತಿನ್ನುತ್ತಿದ್ದರು. ರಜೆಯ ದಿನ ಒಮ್ಮೆ ನಾನೂ ಇದ್ದೆ. ಆಕೆ ನಮ್ಮ ಕೋಣೆಗಳನ್ನು ನೋಡಿ ನಕ್ಕು, “ನಾವ ಕಟ್ಟೀವಿ ಖರೆ, ಆದ್ರ ಗಾಳಿ ಬರೂವಂಥ ಒಂದ್ ಕಿಡಕಿ ಇಡಂತ ನಮಗ ಯಾರೂ ಹೇಳಲಿಲ್ ನೋಡ್ರಿ” ಎಂದಳು. ಅತ್ತೆ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ, ಕಿಟಕಿಯ ಆಸೆ ಪಟ್ಟವಳು ನಾನಲ್ಲವೇ.

ಎರಡು ಮಳೆಗಾಲ ಕಳೆದ ಮೇಲೆ ಲಿಫ್ಟ್ ಬಂತು. ಒಂದು ಕುರ್ಚಿ ಇಟ್ಟರೆ ಪಕ್ಕದಲ್ಲಿ ಒಬ್ಬರು ಒರಗಿ ನಿಲ್ಲಬೇಕಾದಷ್ಟು ಪುಟ್ಟದು. ಅದೂ ದಿನಬಿಟ್ಟು ದಿನ ಕೆಡುತ್ತಿತ್ತು. ನಡುವೆ ನಿಂತುಬಿಟ್ಟರೆ ಎಂದು ಅತ್ತೆ ಹೆದರಿ ಹತ್ತಲಿಲ್ಲ. ಅಷ್ಟರಲ್ಲಿ ನಮ್ಮ ವಿಂಗ್ ಬಹುಪಾಲು ತುಂಬಿತ್ತು, ಒಂದು ಕಮಿಟಿಯೂ ಆಗಿತ್ತು. ಕೆಲಸದವರೆಲ್ಲ ಬಿ ವಿಂಗಿಗೆ ಹೋಗಿದ್ದರು. ಆದರೂ ಆ ಹೆಂಗಸು ಮಧ್ಯಾಹ್ನ ಏಳು ಮಹಡಿ ಹತ್ತಿ ನಮ್ಮಲ್ಲಿಗೆ ಬರುವುದನ್ನು ಬಿಟ್ಟಿರಲಿಲ್ಲ.

ಕಮಿಟಿಯ ಮೊದಲ ಮೀಟಿಂಗಿನಲ್ಲಿ ಮೆಟ್ಟಿಲ ಮೇಲಿನ ಸಿಮೆಂಟ್ ಹೆಜ್ಜೆಗಳ ಬಗ್ಗೆ, ಗೋಡೆಯ ಮೇಲಿನ ಪಾನ್ ಕಲೆಗಳ ಬಗ್ಗೆ ಮಾತು ಬಂತು. ಬಿಲ್ಡರ್ ನಮಗೆ ಮಾಡಿದ ಮೋಸದ ಸಿಟ್ಟನ್ನೆಲ್ಲ ಕೈಗೆ ಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತಿದ್ದೆವು ಎಂದು ಈಗ ಅನಿಸುತ್ತದೆ. ಕೂಲಿ ಕೆಲಸದವರು ನಮ್ಮ ವಿಂಗಿಗೆ ಬರಕೂಡದು ಎಂದು ಒಂದು ನೋಟಿಸು ಹಾಕುವುದೆಂದು ನಿರ್ಧಾರವಾಯಿತು. ನಾನು ಮರಾಠಿ ಮಾಧ್ಯಮದಲ್ಲಿ ಓದಿದವಳು, ನನ್ನ ಅಕ್ಷರ ಚೆನ್ನಾಗಿದೆ ಎಂದು ಬರೆಯುವ ಕೆಲಸ ನನಗೇ ಬಂತು. ಬರೆಯುವಾಗ ಆಕೆ ನೆನಪಾಗಲಿಲ್ಲವೇ ಎಂದರೆ, ನೆನಪಾದಳು. ಆಕೆಯನ್ನೊಬ್ಬಳನ್ನು ಬಿಡಲು ವಾಚ್‌ಮನ್‌ಗೆ ಹೇಳಿದರಾಯಿತು ಎಂದುಕೊಂಡೆ. ಮರಾಠಿ ಅಕ್ಷರಗಳ ತಲೆಯ ಮೇಲಿನ ಶಿರೋರೇಖೆಯನ್ನು ಸ್ಕೇಲ್ ಇಟ್ಟು ಎಳೆದು, ಕಾಗದವನ್ನು ಲಿಫ್ಟಿನ ಒಳಗೊಂದು, ಕೆಳಗಿನ ಗೋಡೆಗೊಂದು ಅಂಟಿಸಿದೆ. ವಾಚ್‌ಮನ್‌ಗೆ ಹೇಳಲಿಲ್ಲ. ಇವತ್ತು ನಾಳೆ ಎನ್ನುತ್ತ ದಿನ ಹೋಯಿತು.

ಆಕೆ ಬರುವುದು ನಿಂತಿತು. ಅತ್ತೆ ಎಂದಿನಂತೆ ಬೆಳಿಗ್ಗೆ ತಂಬಿಗೆ ತುಂಬಿಸಿ ಇಡುತ್ತಿದ್ದರು. ನಾನು ಸಂಜೆ ಬಂದಾಗ ಅದು ತುಂಬಿದಂತೆಯೇ ಇರುತ್ತಿತ್ತು. ಹಳೆಯ ತಂಬಿಗೆಯನ್ನು ಆಕೆ ನೀರಿಗೆಂದು ಬಿ ವಿಂಗಿಗೆ ಒಯ್ದಿದ್ದಳು, ಇದು ಬೇರೆಯದು. ಹುಷಾರಿಲ್ಲವೋ ಏನೋ, ಊರಿಗೆ ಹೋದಳೋ ಏನೋ ಎಂದು ಅತ್ತೆ ನನ್ನ ಹತ್ತಿರವೇ ಕೇಳುತ್ತಿದ್ದರು. ಇರಬಹುದು ಎಂದೆ.

ಹತ್ತು ಹನ್ನೆರಡು ದಿನ ನೋಡಿ, ಒಂದು ಭಾನುವಾರ ಬೆಳಿಗ್ಗೆ ಅತ್ತೆ ಮಡಿಸಿಟ್ಟಿದ್ದ ಸೀರೆ ಉಟ್ಟು ನಿಂತರು. ಲಿಫ್ಟಿಗೆ ಹೆದರುತ್ತಿದ್ದವರು ನನ್ನ ಕೈ ಗಟ್ಟಿಯಾಗಿ ಹಿಡಿದು ಇಳಿದರು. ಅವರು ನೆಲ ಮುಟ್ಟಿ ಒಂದೂವರೆ ವರ್ಷವಾಗಿತ್ತು. ನೇರ ಕಟ್ಟಡದ ಹಿಂದಕ್ಕೆ, ಕೆಲಸದವರ ತಗಡಿನ ಶೆಡ್ಡುಗಳಿದ್ದಲ್ಲಿಗೆ ಕರೆದುಕೊಂಡು ಹೋಗು ಎಂದರು. ಅಲ್ಲಿ ಶೆಡ್ಡುಗಳಿರಲಿಲ್ಲ. ಕೆಂಪು ಮಣ್ಣು ಹರಡಿ ಮಾಲಿಯೊಬ್ಬ ಹುಲ್ಲು ನೆಡುತ್ತಿದ್ದ.

ವಾಚ್‌ಮನ್ ನಮ್ಮನ್ನು ನೋಡಿ ತನ್ನ ಮೇಜಿನ ಕೆಳಗಿನಿಂದ ಒಂದು ಗಂಟು ತೆಗೆದ. ಆ ಹೆಂಗಸು ಹೊರಡುವ ದಿನ ಎರಡು ಸಲ ಬಂದಿದ್ದಳು, ಅಜ್ಜಿಗೆ ಹೇಳಿ ಹೋಗುತ್ತೇನೆ ಎಂದು ಗೋಗರೆದಳು, ಇದನ್ನು ಅಜ್ಜಿಯ ಕೈಗೇ ಕೊಡು ಎಂದಳು, ಕೆಲಸ ಮುಗಿದು ಅವರ ಗುಂಪು ಕಲ್ಯಾಣದ ಆಚೆ ಎಲ್ಲಿಗೋ ಹೋಯಿತು ಎಂದು ಹಿಂದಿಯಲ್ಲಿ ಹೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ, ಯಾಕೆ ಬಿಡಲಿಲ್ಲ ಎಂದು ಅತ್ತೆ ನನ್ನಿಂದಲೇ ಅವನನ್ನು ಕೇಳಿಸಿದರು. ಅವನು ನನ್ನ ಮುಖ ನೋಡಿ, ಗೋಡೆಯ ಕಾಗದ ತೋರಿಸಿದ.

ಗಂಟಿನಲ್ಲಿ ನಮ್ಮ ಹಳೆಯ ತಂಬಿಗೆ ಇತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅದರ ತುಂಬ ಶೇಂಗಾ ಚಟ್ನಿಪುಡಿ ಹಾಕಿದ್ದಳು. ಕೆಳಗೆ ಒಂದು ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿಗಳಿದ್ದವು.

ಲಿಫ್ಟಿನಲ್ಲಿ ಹೋಗುವಾಗ ಅತ್ತೆ ಅಲ್ಲಿನ ಕಾಗದದ ಎದುರು ನಿಂತು, “ಎಂತ ಬರ್ದಿದ್ದಾರೆ, ಓದು” ಎಂದರು. ಓದಿ ಹೇಳಿದೆ.

“ಯಾರು ಬರ್ದದ್ದು?”

“ಕಮಿಟಿಯವರು” ಎಂದೆ.

ಅವರು ಕಾಗದವನ್ನೇ ನೋಡುತ್ತಿದ್ದರು. ಮರಾಠಿ ಓದಲು ಅವರಿಗೆ ಬರುತ್ತಿರಲಿಲ್ಲ. ಆದರೆ ಸ್ಕೇಲ್ ಇಟ್ಟು ಗೆರೆ ಎಳೆದು ನಾನು ಆಫೀಸಿನ ಕಾಗದ ಬರೆಯುವುದನ್ನು ಎಷ್ಟೋ ಸಂಜೆ ಪಕ್ಕದಲ್ಲಿ ಕೂತು ನೋಡಿದವರು.

“ನಿನ್ನ ಅಕ್ಷರ ಚೆಂದ ಉಂಟು” ಎಂದರು.

ಮರುದಿನ ಎರಡೂ ಕಾಗದಗಳನ್ನು ಕಿತ್ತುಹಾಕಿದೆ. ಅತ್ತೆ ದಿನಕ್ಕೊಂದು ರೊಟ್ಟಿ ಸಾರಿನಲ್ಲಿ ನೆನೆಸಿ ತಿಂದರು. ಕೊನೆಯದು ಮುಗಿದ ದಿನ ಆ ಬಟ್ಟೆಯನ್ನು ಒಗೆದು ಒಣಗಿಸಿ, ಖಾಲಿ ಕೊಡಬಾರದೆಂದು ಅದರಲ್ಲಿ ಒಂದು ಅಚ್ಚು ಬೆಲ್ಲ ಕಟ್ಟಿ ನನ್ನ ಕೈಗಿಟ್ಟರು. “ಸಿಕ್ಕಿದರೆ ಕೊಡು” ಎಂದರು. ಕಲ್ಯಾಣದ ಕಡೆ ಹೊಸ ಕಟ್ಟಡಗಳು ನೂರಾರು, ನಾನು ಮೂರು ಕಡೆ ಹೋಗಿ ಕೇಳಿದೆ. ಆಕೆಯ ಹೆಸರನ್ನು ನಾನು ಎಂದೂ ಕೇಳಿಟ್ಟುಕೊಂಡಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಬೆಲ್ಲ ಕರಗಿ ಬಟ್ಟೆಗೆ ಅಂಟಿಕೊಂಡಿತು. ಅದನ್ನು ಅತ್ತೆಗೆ ಕಾಣದಂತೆ ನನ್ನ ಕಪಾಟಿನಲ್ಲಿಟ್ಟೆ.