ಮಕ್ಕಳಿಲ್ಲದ ಸಮುದ್ರ ಹುಡುಕಿ ಹೋದದ್ದು

ಹುಣಸೆಮರದಲ್ಲಿ ದೆವ್ವ ಇರುತ್ತೆ ಅಂತಾರೆ. ನಾನು ಹಿಂದೂಪುರದ ಮಂಡಿಯಲ್ಲಿ ಮೂವತ್ತು ವರ್ಷ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದವಳು. ಎಷ್ಟು ಮರದ ಹಣ್ಣು ಈ ಕೈಯಲ್ಲಿ ಹಾದುಹೋಗಿದೆಯೋ, ಒಂದು ದೆವ್ವವೂ ಚೀಲದೊಳಗಿಂದ ಇಳಿದು ಬರಲಿಲ್ಲ. ಜೊತೆಯಲ್ಲಿ ಕೂತ ಹೆಂಗಸರು ಅಲ್ಲಿ ಕಂಡಿತು, ಇಲ್ಲಿ ಕೂಗಿತು ಅಂತ ಕತೆ ತೆಗೆದರೆ, "ರಾತ್ರಿ ಎರಡು ಮುದ್ದೆ ಜಾಸ್ತಿ ತಿಂದಿರ್ತೀಯ ಕಣಮ್ಮ, ಅದು ಹೊಟ್ಟೆಯೊಳಗೆ ಕೂಗಿರ್ತದೆ" ಅಂತ ನಗಾಡುತ್ತಿದ್ದೆ. ಈಗ ನನ್ನ ಮಾತು ಕೇಳಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಕ್ಕವಳಿಗೆ ನಗೆಪಾಟಲಾಗುವ ಸರದಿ ಬಂದಿದೆ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಎದೆಯಲ್ಲಿ ಹಿಡಿಸುತ್ತಿಲ್ಲ. ನನ್ನ ಮೊಮ್ಮಗಳು ನಡೆಯುತ್ತಿದ್ದಾಳೆ! ಹದಿನೈದು ದಿನವಾಯಿತು. ಬೀದಿಯವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಹಾಲಿನವನಿಗೆ ಎರಡು ಸಲ. ಎರಡು ಹೆಜ್ಜೆ ಇಟ್ಟು ದೊಪ್ಪನೆ ಕೂತು ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಾಳೆ. ಅದನ್ನು ನೋಡಿ ನಾನೂ ತಟ್ಟುತ್ತೇನೆ, ಒಲೆ ಮೇಲಿನ ಹಾಲು ಉಕ್ಕಿ ಹೋಗುತ್ತದೆ. ಹೋಗಲಿ. ಆದರೆ ಅವಳು ಒಂದೊಂದು ಹೆಜ್ಜೆ ಇಟ್ಟಾಗಲೂ ಹಳೆಯದೊಂದು ಕಹಿ ಎದ್ದು ಬರುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದು ನಿಧಾನ. ಆದರೂ ಬರೆದುಬಿಡುತ್ತೇನೆ.

ನನ್ನ ಮಗ ಮಂಜ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾನೆ. ಸೊಸೆ ಸರಿತ ಕಲ್ಯಾಣದುರ್ಗದವಳು. ಚಿಕ್ಕವಯಸ್ಸಿನಲ್ಲೇ ತಾಯಿಯನ್ನು ಕಳಕೊಂಡವಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಅದಕ್ಕೆ ತಾಯಿಯ ಜಾಗದಲ್ಲಿ ನಾನೇ ಅವಳ ಜೊತೆ ಕಲ್ಯಾಣದುರ್ಗಕ್ಕೆ ಹೋದೆ. ಸಂಕ್ರಾಂತಿಗೆ ಇನ್ನೂ ವಾರವಿತ್ತು, ನೋವು ಬಂತು ಅಂತ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ತಿಂಗಳು ತುಂಬಿದ ಮಗು ಹೊಟ್ಟೆಯಲ್ಲೇ ಹೋಗಿತ್ತು. ಯಾರ ತಪ್ಪೂ ಅಲ್ಲ, ಹಾಗಾಗುವುದುಂಟು ಅಂದರು ಡಾಕ್ಟರು. ನರ್ಸಮ್ಮ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು. ಹೆಣ್ಣು. ತಲೆತುಂಬ ಕಪ್ಪು ಕೂದಲು, ನಿದ್ದೆ ಹೋದ ಹಾಗಿತ್ತು ಮುಖ. ಬಟ್ಟೆ ಸರಿಮಾಡುವಾಗ ಕಾಲು ಕಂಡಿತು. ಎಡಗಾಲಿನಲ್ಲಿ ಆರು ಬೆರಳು.

ಒಳಗಿಂದ ಸರಿತ ಕೂಗುತ್ತಿದ್ದಳು, "ಒಂದ್ಸಲ ತೋರ್ಸತ್ತಾ, ಒಂದೇ ಒಂದ್ಸಲ."

ನಾನು ತೋರಿಸಲಿಲ್ಲ. ಸತ್ತ ಕೂಸಿನ ಮುಖ ತಾಯಿ ನೋಡಿದರೆ ಕರುಳು ಅದಕ್ಕೇ ಕಟ್ಟಿಹೋಗುತ್ತದೆ, ಮುಂದೆ ಒಡಲು ತುಂಬುವುದಿಲ್ಲ ಅಂತ ನಮ್ಮ ಹಿರಿಯರು ಅನ್ನುತ್ತಿದ್ದರು. ದೆವ್ವ ನಂಬದವಳು ಇದನ್ನು ನಂಬಿದೆ ನೋಡಿ. ಅವಳ ಚಿಕ್ಕಪ್ಪನ ಕೈಗೆ ಕೊಟ್ಟು ಹೂಳಲು ಕಳಿಸಿದೆ. ಕಾಲಿನ ವಿಷಯ ಅವರಿಗೂ ಹೇಳಲಿಲ್ಲ, ಮಂಜನಿಗೂ ಹೇಳಲಿಲ್ಲ. ಮೂರನೇ ದಿನ ಸರಿತ, "ಯಾರ ಥರ ಇತ್ತು ಅತ್ತಾ?" ಅಂತ ಕೇಳಿದಳು. ಅವಳ ಆಸೆ ಕಡಿಯಲಿ ಅಂತ, "ನೋಡೋಕೇನಿತ್ತಮ್ಮ, ರೂಪವೇ ಕೂಡಿರ್ಲಿಲ್ಲ" ಅಂದುಬಿಟ್ಟೆ. ಒಳ್ಳೆಯದಕ್ಕೇ ಅಂದದ್ದು ಅಂತ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಿಂದೂಪುರಕ್ಕೆ ವಾಪಸು ಬಂದ ಮೇಲೆ ಸರಿತ ಮಾತು ನಿಲ್ಲಿಸಿದಳು. ಕೆಲಸ ಎಲ್ಲ ಮಾಡುವಳು, ಮಾತಿಲ್ಲ. ಬೀದಿಯಲ್ಲಿ ಯಾರದೋ ಮಗು ಅತ್ತರೆ ಒಳಗೆ ಹೋಗಿ ಮಿಕ್ಸಿ ಹಾಕುವಳು, ಜಾರಿನೊಳಗೆ ಏನೂ ಇರುತ್ತಿರಲಿಲ್ಲ. ಭಾದ್ರಪದದಲ್ಲಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಾಗ, ಇವರಿಬ್ಬರೂ ನಾಲ್ಕು ದಿನ ಎಲ್ಲಾದರೂ ಹೋಗಿಬರಲಿ, ಇಬ್ಬರೇ, ಅಂದರು. ಎಲ್ಲಿಗಮ್ಮ ಅಂತ ಕೇಳಿದರೆ ಸರಿತ ತಲೆ ಎತ್ತದೆ, "ಸಮುದ್ರ" ಅಂದಳು. ಎಂಟು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ.

ಯಾವ ಸಮುದ್ರ ಅನ್ನುವುದನ್ನು ಆರಿಸಲು ನಾನೇ ಕೂತೆ. ಕೂರಬಾರದಿತ್ತು. ಮಂಜ ಫೋನಿನಲ್ಲಿ ಒಂದೊಂದೇ ಫೋಟೋ ತೋರಿಸಿದ. ಒಂದರಲ್ಲಿ ಉಯ್ಯಾಲೆ ಇತ್ತು, ಬೇಡ ಅಂದೆ. ಇನ್ನೊಂದರಲ್ಲಿ ಚಿಕ್ಕವು ಮರಳಿನಲ್ಲಿ ಗುಡಿ ಕಟ್ಟುತ್ತಿದ್ದವು, ಅದಂತೂ ಬೇಡವೇ ಬೇಡ. ಮಗನಿಗೆ ಸಿಟ್ಟು ಬಂತು. "ಅಮ್ಮಾ, ನೀನು ಸಮುದ್ರ ನೋಡ್ತಿದ್ದೀಯೋ, ಮಕ್ಕಳ ತಲೆ ಎಣಿಸ್ತಿದ್ದೀಯೋ?" ನಿಜ ಹೇಳಬೇಕಂದರೆ ತಲೆಯನ್ನೇ ಎಣಿಸುತ್ತಿದ್ದೆ. ಸರಿತಳ ಕಣ್ಣಿಗೆ ಒಂದು ಮಗುವೂ ಬೀಳಬಾರದು. ಅದೇ ನನ್ನ ಹಟ.

ಕೊನೆಗೆ ದಾರಿ ಹೇಳಿದವನು ಪಕ್ಕದ ಮನೆಯ ಅಂಜಿನಪ್ಪ. ಅವನು ಹುಣಸೆಹಣ್ಣಿನ ಲಾರಿ ತಗೊಂಡು ಮಂಗಳೂರಿನ ಕಡೆ ಓಡಾಡುವವನು. "ಈ ಟೈಮಲ್ಲಿ ನಮ್ ಆಂಧ್ರ ಕಡೆ ಸಮುದ್ರಕ್ಕೆ ಹೋಗ್ಬ್ಯಾಡಿ ಕಣಕ್ಕ, ತುಫಾನು ಬಂದ್ಬುಡ್ತದೆ. ಕುಂದಾಪುರದಿಂದಾಚೆ ನಂಗೆ ಗೊತ್ತಿರೋರು ಅವ್ರೆ. ನವರಾತ್ರಿ ಆದ್ಮೇಲೆ ಅಲ್ಲಿ ಸಮುದ್ರ ಮಲಗಿರೋ ಎಮ್ಮೆ ಇದ್ದಂಗಿರ್ತದೆ" ಅಂದ.

"ಮಕ್ಕಳು ಮರಿ?" ಅಂತ ಕೇಳಿದೆ.

"ಆ ಕೇರೀಲಿ ಇರೋರೆಲ್ಲ ಮುದುಕರೇ. ಒಂದು ನಾಯಿಮರೀನೂ ಇಲ್ಲ ಹೋಗಕ್ಕ."

ದಸರಾ ರಜ ಮುಗಿದು ಇಸ್ಕೂಲು ಬಾಗಿಲು ತೆರೆದ ಮೇಲೆ ಹೊರಡುವುದು ಅಂತ ತೀರ್ಮಾನ ಮಾಡಿದೆ. ಅಷ್ಟಕ್ಕೇ ಬಿಟ್ಟೆನಾ? ಹಸಿ ಮೈಯವಳನ್ನು ಉಪ್ಪುಗಾಳಿಗೆ ಹೆಂಗಸಿನ ಜೊತೆಯಿಲ್ಲದೆ ಹೇಗೆ ಕಳಿಸಲಿ ಅಂತ ನೆವ ಹೇಳಿ ನನ್ನ ಸೀರೆಯನ್ನೂ ಬ್ಯಾಗಿಗೆ ತುರುಕಿದೆ. ಇಬ್ಬರೇ ಹೋಗಬೇಕಾದ ಜಾಗಕ್ಕೆ ಮೂವರು ಹೋದೆವು. ಬೆಂಗಳೂರಿಗೆ ಒಂದು ರೈಲು, ಅಲ್ಲಿಂದ ಕುಂದಾಪುರಕ್ಕೆ ಇನ್ನೊಂದು. ಸರಿತ ದಾರಿ ಉದ್ದಕ್ಕೂ ಕಿಟಕಿಗೆ ಹಣೆ ಕೊಟ್ಟು ಕೂತಿದ್ದಳು.

ಅಂಜಿನಪ್ಪ ಹೇಳಿದ್ದು ಸುಳ್ಳಲ್ಲ. ಮನೆ ಕೊಟ್ಟವರು ವಯಸ್ಸಾದ ಗಂಡ ಹೆಂಡತಿ. ಆಚೀಚೆ ನಾಲ್ಕು ಮನೆ, ಅವೂ ಹಾಗೇ. ಮೊದಲ ದಿನವೇ ನಾನು ಆ ತುದಿಯಿಂದ ಈ ತುದಿಗೆ ನಡೆದು ನೋಡಿದೆ. ಹಗ್ಗದ ಮೇಲೆ ಒಂದು ಚಿಕ್ಕ ಅಂಗಿ ಕೂಡ ಒಣಗುತ್ತಿರಲಿಲ್ಲ. ಭೇಷ್ ಅಂದುಕೊಂಡೆ.

ಎರಡನೇ ದಿನ ಸಾಯಂಕಾಲ ಐದು ಗಂಟೆ ಇರಬಹುದು. ಬಿಸಿಲು ಇನ್ನೂ ಚೆನ್ನಾಗಿತ್ತು. ಮಂಜ ಟೀ ತರಲು ರಸ್ತೆಗೆ ಹೋಗಿದ್ದ. ನಾನು ತೆಂಗಿನ ಬುಡದಲ್ಲಿ ಕೂತಿದ್ದೆ. ಸರಿತ ನೀರಿನ ಅಂಚಿನಲ್ಲಿ ನನಗೆ ಬೆನ್ನು ಹಾಕಿ ನಡೆದು ಹೋಗುತ್ತಿದ್ದಳು. ಸಮುದ್ರ ಅವಳ ಎಡಕ್ಕೆ. ನಾನು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣ ಹಚ್ಚಿ ತಲೆ ಎತ್ತುತ್ತೇನೆ, ಅವಳ ಎಡಗೈ ಹಿಡಿದುಕೊಂಡು ಒಂದು ಮಗು ನಡೆಯುತ್ತಿದೆ.

ಹೆದರಿಕೆ ಗಿದರಿಕೆ ಏನೂ ಆಗಲಿಲ್ಲ. ನನಗೆ ಬಂದದ್ದು ಸಿಟ್ಟು. ಇಷ್ಟು ಹುಡುಕಿ ಬಂದರೂ ಯಾರದೋ ಕೂಸು ವಕ್ಕರಿಸಿತಲ್ಲ ಅಂತ. ಆಗತಾನೆ ನಡೆ ಕಲಿತ ಹೆಣ್ಣುಮಗು. ಬಿಳಿ ಬಟ್ಟೆ, ತಲೆತುಂಬ ಕೂದಲು. ಸರಿತಳ ಒಂದು ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಟಪಟ ಹೆಜ್ಜೆ ಹಾಕುತ್ತಿತ್ತು. ಅಲೆ ಬಂದಾಗ ಕಾಲು ಎತ್ತುತ್ತಿತ್ತು. ಸರಿತ ಅದರ ಕಡೆ ನೋಡುತ್ತಲೇ ಇಲ್ಲ. ಅಯ್ಯೋ, ಚಿಕ್ಕದನ್ನು ನೀರಿನ ಕಡೆ ಬಿಟ್ಟಿದ್ದಾಳಲ್ಲ ಅಂದುಕೊಂಡೆ. ಅಷ್ಟರಲ್ಲಿ ಇಬ್ಬರೂ ದಡಕ್ಕೆ ಎಳೆದಿಟ್ಟಿದ್ದ ಒಂದು ದೋಣಿಯ ಹಿಂದೆ ಮರೆಯಾದರು. ಆ ಕಡೆಯಿಂದ ಸರಿತ ಒಬ್ಬಳೇ ಬಂದಳು.

ಅಲೆ ಎಳಕೊಂಡು ಹೋಯಿತು ಅಂತಲೇ ನನ್ನ ತಲೆಗೆ ಹೊಳೆದದ್ದು. ಸೀರೆ ಎತ್ತಿಕಟ್ಟಿ ಓಡಿದೆ. "ಮಗು ಎಲ್ಲೇ? ಸರಿತಾ, ಮಗು ಎಲ್ಲೇ?" ಅಂತ ಅರಚಿಕೊಂಡೆ. ಒಂಬತ್ತು ತಿಂಗಳಿಂದ ಅವಳ ಮುಂದೆ ಯಾರೂ ಆಡದೆ ಬಚ್ಚಿಟ್ಟಿದ್ದ ಮಾತು ಅದು.

ಅವಳು ನಿಂತು ತಿರುಗಿದಳು. "ಯಾವ ಮಗು ಅತ್ತಾ?"

"ನಿನ್ನ ಕೈ ಹಿಡ್ಕೊಂಡಿತ್ತಲ್ಲೇ, ಈಗ, ಈ ಕೈ!"

ಅವಳು ಕೈ ನೋಡಿಕೊಂಡಳು. "ನಾನೊಬ್ಬಳೇ ಬಂದೆ" ಅಂದಳು.

ದೋಣಿಯ ಹಿಂದೆ ಏನೂ ಇರಲಿಲ್ಲ, ಒಣಗಿದ ಬಲೆ ಮಾತ್ರ. ಒದ್ದೆ ಮರಳಿನ ಮೇಲೆ ಅವಳ ಹೆಜ್ಜೆಗಳಿದ್ದವು. ಪಕ್ಕದಲ್ಲಿ, ನೀರಿನ ಕಡೆಗೆ, ಪುಟ್ಟವು ನಾಲ್ಕೋ ಐದೋ. ನಾನು ಮಂಡಿಯೂರಿ ಕೂತೆ. ಬಲಗಾಲಿನದು ಸರಿಯಾಗಿತ್ತು. ಎಡಗಾಲಿನದರಲ್ಲಿ ಕಿರುಬೆರಳ ಪಕ್ಕ ಇನ್ನೊಂದು, ಜೋಳದ ಕಾಳಿನಷ್ಟು.

"ಆರು ಬೆರಳು" ಅಂದೆ. ಬಾಯಿಂದ ತಾನಾಗಿ ಬಿತ್ತು. ಸರಿತ ಬಗ್ಗುವ ಹೊತ್ತಿಗೆ ಅಲೆ ಬಂದು ಒರೆಸಿಕೊಂಡು ಹೋಯಿತು.

"ಯಾರಿಗತ್ತಾ ಆರು ಬೆರಳು?"

ಅವಳು ಬಿಡಲಿಲ್ಲ. ನನಗೂ ಮುಚ್ಚಿಡುವ ಶಕ್ತಿ ಉಳಿದಿರಲಿಲ್ಲ. ಅಲ್ಲೇ ಮರಳಿನಲ್ಲಿ ಕೂತು ಎಲ್ಲ ಹೇಳಿದೆ. ಕೂದಲು, ಮುಖ, ಕಾಲು. ರೂಪ ಕೂಡಿತ್ತಮ್ಮ, ಚಿನ್ನದ ಗೊಂಬೆಯ ಹಾಗಿತ್ತು, ಸುಳ್ಳು ಹೇಳಿದೆ ಅಂದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡೆ. ಅಲೆ ಒರೆಸಿದ ಜಾಗವನ್ನು ಅಂಗೈಯಿಂದ ಸವರಿದಳು. ಆಮೇಲೆ, "ನನ್ನ ಹೊಟ್ಟೇಲಿ ಎಂಥದ್ದೋ ಬೆಳೀತು, ಮನುಷ್ಯರ ಥರ ಇಲ್ಲದ್ದು, ಅದಕ್ಕೇ ನೀವ್ಯಾರೂ ತೋರ್ಸಲಿಲ್ಲ ಅನ್ಕೊಂಡಿದ್ದೆ" ಅಂದಳು. ಅಷ್ಟು ದಿನ ಆ ಹುಡುಗಿ ಅದನ್ನು ಹೊತ್ತು ನನಗೆ ಅಡುಗೆ ಮಾಡಿ ಬಡಿಸಿದ್ದಳು.

ಮಂಜ ಟೀ ಹಿಡಿದುಕೊಂಡು ಬರುತ್ತಿರುವುದು ದೂರದಲ್ಲಿ ಕಂಡಿತು. ಸರಿತ ಎದ್ದು ಸೀರೆಯ ಮರಳು ಕೊಡವಿದಳು. ಕೊಡವುತ್ತಲೇ ಕೇಳಿದಳು:

"ಆವತ್ತೂ ನೀವೇ ನೋಡಿದ್ರಿ. ಇವತ್ತೂ ನೀವೇ ನೋಡ್ಕೊಂಡ್ರಾ ಅತ್ತಾ?"

ಮಂಜ ಹತ್ತಿರ ಬಂದ ಮೇಲೆ ಟೀಯ ಮೊದಲ ಲೋಟ ಇಸಕೊಂಡು ಅವಳ ಕೈಗೆ ಕೊಟ್ಟೆ.

ಮನೆಯ ಯಜಮಾನಿಯನ್ನು ವಿಚಾರಿಸಿದೆ. ಆಸುಪಾಸಿನಲ್ಲಿ ಅಂಥ ಮಗುವೇ ಇಲ್ಲ ಅಂದರು. ಮಾರನೇ ವರ್ಷ ಕಣ್ಣಿನ ಪೊರೆ ತೆಗೆದ ಡಾಕ್ಟರು, ಎದುರುಬಿಸಿಲಿಗೆ ಏನೇನೋ ಕಂಡಿರಬಹುದಮ್ಮ ಅಂದರು. ಇರಬಹುದು. ಮರಳು, ಒದ್ದೆ, ಮನಸ್ಸಿನಲ್ಲಿದ್ದದ್ದೇ ಕಣ್ಣಿಗೆ ಬಂದಿರಬಹುದು. ಆದರೆ ಆವತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಎಲೆಅಡಿಕೆ. ಬಂದದ್ದು ಆ ಕೂಸೇ ಆಗಿದ್ದರೆ, ಹೆತ್ತವಳ ಕೈ ಹಿಡಿದೂ ಅವಳಿಗೆ ಕಾಣದೆ, ಮುಖ ಮುಚ್ಚಿ ಕಳಿಸಿದವಳ ಕಣ್ಣಿಗೆ ಯಾಕೆ ಬಿತ್ತು?

ಹೋದ ವರ್ಷ ಈ ನನ್ನ ಬಂಗಾರಿ ಹುಟ್ಟಿದಾಗ ನರ್ಸಮ್ಮ ಮೊದಲು ನನ್ನ ಕೈಗೇ ಕೊಡಲು ಬಂದಳು. ನಾನು ಕಣ್ಣು ಮುಚ್ಚಿಕೊಂಡು, "ತಾಯಿಗೆ ತೋರ್ಸಮ್ಮ ಮೊದಲು" ಅಂದೆ. ಸರಿತ ನೋಡಿ ಮುಗಿಸಿ ಕರೆಯುವ ತನಕ ಹೊರಗೇ ನಿಂತಿದ್ದೆ. ಬಹಳ ಹೊತ್ತು ನೋಡಿದಳು. ನೋಡಲಿ.

ಈಗ ನಮ್ಮ ಮನೆಯಲ್ಲಿ ಮಾತಿದೆ, ನಗುವಿದೆ. ಸರಿತ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆದರೆ ಆಗಾಗ, ಅಕ್ಕಿ ಆರಿಸುವಾಗಲೋ ಬಟ್ಟೆ ಮಡಿಸುವಾಗಲೋ, ಇದ್ದಕ್ಕಿದ್ದ ಹಾಗೆ ಕೇಳುತ್ತಾಳೆ. ಅಲೆ ಬಂದಾಗ ಕಾಲು ಎತ್ತಿತ್ತಾ ಅತ್ತಾ? ನಗ್ತಿತ್ತಾ? ಯಾವ ಬೆರಳು ಹಿಡಿದಿತ್ತು? ನಾನು ಕಂಡಷ್ಟನ್ನು ಹೇಳುತ್ತೇನೆ, ಒಂದಕ್ಷರ ಸೇರಿಸುವುದಿಲ್ಲ. ತನ್ನ ಮಗುವನ್ನು ಅವಳು ನನ್ನ ಬಾಯಿಂದಲೇ ನೋಡಬೇಕು. ಅಂಥ ಸ್ಥಿತಿ ತಂದಿಟ್ಟವಳು ನಾನು.

ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಮೊಮ್ಮಗಳು ಒದ್ದೆ ಕಾಲಿನಲ್ಲಿ ನಡುಮನೆ ತನಕ ನಡೆದು ಬಂದಳು. ಹತ್ತು ಹೆಜ್ಜೆ! ನಾನು ಚಪ್ಪಾಳೆ ತಟ್ಟಿ ಕುಣಿದುಬಿಟ್ಟೆ. ನೆಲದ ಮೇಲಿನ ಹೆಜ್ಜೆಗಳನ್ನು ನಾನೂ ಬಗ್ಗಿ ನೋಡಿದೆ, ಸರಿತಳೂ ಬಗ್ಗಿ ನೋಡಿದಳು. ಐದೈದೇ ಬೆರಳು. ಆಮೇಲೆ ಅವಳು ಮಗುವನ್ನು ಅಂಗಳಕ್ಕೆ ನಡೆಸಿಕೊಂಡು ಹೋದಳು.

ಹದಿನೈದು ದಿನದಿಂದ ಗಮನಿಸುತ್ತಿದ್ದೇನೆ. ಮಗುವನ್ನು ನಡೆಸುವಾಗ ಸರಿತ ಯಾವಾಗಲೂ ಬಲಗೈ ಬೆರಳನ್ನೇ ಕೊಡುತ್ತಾಳೆ. ಎಡಗೈಯನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು, ಒಂದು ಬೆರಳು ಮುಂದೆ ಚಾಚಿ, ಖಾಲಿ ಇಟ್ಟುಕೊಂಡಿರುತ್ತಾಳೆ.