ಕಂಕುಳ ಕೇಕು

ನಮ್ಮ ತಾತ ಜೇಬೆಜ್ ಕೆರಿಜ್ ಸಫೊಕ್ ಸೀಮೆಯ ಒಂದು ಜಮೀನಿನಲ್ಲಿ ಹಿರಿಯ ಕುದುರೆಯಾಳು. ಹಿರಿಯ ಎಂದರೆ ವಯಸ್ಸಲ್ಲ, ಪದವಿ. ಬೆಳಿಗ್ಗೆ ಅವನ ಕುದುರೆಜೋಡಿ ಲಾಯದ ಬಾಗಿಲು ದಾಟುವವರೆಗೆ ಉಳಿದ ಮೂವರು ಕುದುರೆಯಾಳುಗಳು ಹಗ್ಗ ಹಿಡಿದು ಕಾಯಬೇಕು. ತಾತನ ಬೂಟಿನ ದಾರ ಬಿಚ್ಚಿಕೊಂಡರೆ ಇಡೀ ಜಮೀನಿನ ಉಳುಮೆಯೇ ನಿಲ್ಲುತ್ತಿತ್ತು. ಭಾನುವಾರ ಪ್ರಾರ್ಥನೆ ಮುಗಿಸಿದ ಗಂಡಸರು ಬೇಲಿಯ ಬಳಿ ನಿಂತು, ಒಂದು ಕಣ್ಣು ಮುಚ್ಚಿ, ಅವನ ನೇಗಿಲ ಸಾಲಿನಲ್ಲಿ ಸೊಟ್ಟ ಹುಡುಕಿ, ಸಿಗದೆ, ತಾವೇ ಮೂತಿ ಸೊಟ್ಟಗೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಊರಿಗೆಲ್ಲ ಅವನ ಮೇಲೆ ಹೊಟ್ಟೆಕಿಚ್ಚು. ನನಗೆ ಮಾತ್ರ ಅವನ ಕುದುರೆಯ ಮೇಲೆ.

ಸಂಜೆ ಚಹಾ ಆದಮೇಲಿನ ಒಂದು ಗಂಟೆ ನನ್ನದಾಗಿತ್ತು. ಒಲೆಯ ಪಕ್ಕ ಅವನ ಮೊಣಕಾಲಿಗೊರಗಿ ಕತೆ ಕಕ್ಕಿಸುತ್ತಿದ್ದೆ. ನನಗೆ ಒಂಬತ್ತು ತುಂಬಿದ ವರ್ಷ ಬಾನಿ ಬಂದಳು. ಮೂರು ವರ್ಷದ ಹೆಣ್ಣುಕುದುರೆ, ಉಜ್ಜಿಟ್ಟ ತಾಮ್ರದ ಹಂಡೆಯಂಥ ಬಣ್ಣ, ಹೆಸರಿಗೆ ತಕ್ಕಂತೆ ನೀರು ಕುಡಿದರೆ ಬಾನಿಗಟ್ಟಲೆ. ಇನ್ನೂ ನೇಗಿಲು ಕಂಡವಳಲ್ಲ. ಕುದುರೆಯನ್ನು ಕುದುರಿಸಲು ತಾತ ಸಂಜೆಯೂ ಲಾಯಕ್ಕೆ ಹೋಗತೊಡಗಿದ. ಇತ್ತ ನಾನು ಕುದಿಯತೊಡಗಿದೆ. ಅಜ್ಜಿಗೆ ದೂರು ಕೊಟ್ಟರೆ, ಸರದಿಯಲ್ಲಿ ನಿಲ್ಲು, ನಿನ್ನ ಮುಂದೆ ನಾನಿದ್ದೇನೆ ಅಂದಳು.

ಹೊಸ ಕುದುರೆಯನ್ನು ಒಲಿಸಿಕೊಳ್ಳಲು ಕುದುರೆಯಾಳುಗಳಿಗೆ ಒಂದು ಉಪಾಯವಿತ್ತು. ಓಟ್ಸ್ ಹಿಟ್ಟು, ಜೇನು ಹಾಕಿ ಬೇಯಿಸಿದ ಸಣ್ಣ ಕೇಕನ್ನು ಕಂಕುಳಲ್ಲಿಟ್ಟುಕೊಂಡು ದುಡಿಯುವುದು. ಬೆವರು ಕುಡಿದ ಆ ಕೇಕನ್ನು ತಿಂದ ಕುದುರೆ ಜನ್ಮವಿಡೀ ಆ ಆಳಿನ ಬೆನ್ನು ಬಿಡುವುದಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬೇಕೆಂಬುದು ಗುಟ್ಟು. ಎರಡನೆಯ ಕುದುರೆಯಾಳು ಬಾರೆಟ್ ಬಿಯರ್ ಕುಡಿಸಿ ಕೇಳಿದರೂ ತಾತ ಬಾಯಿ ತೆರೆದದ್ದು ಬಿಯರಿಗಷ್ಟೇ. ಬಾನಿಗೆಂದು ಅಜ್ಜಿ ಕೇಕು ಬೇಯಿಸಿದಳು, ಸವತಿಯ ಮದುವೆಗೆ ಅಡುಗೆ ಮಾಡುವವಳ ಮುಖ ಹೊತ್ತು. ಬಾನಿ ತಿಂದಳು. ಮಾರನೆಯ ದಿನ ಹಗ್ಗವಿಲ್ಲದೆಯೇ ತಾತನ ಹಿಂದೆ ಅಂಗಳ ಸುತ್ತಿದಳು.

ಕುದುರೆಗೆ ಆಗುವುದು ಮುದುಕನಿಗೇಕೆ ಆಗಬಾರದು ಅನ್ನಿಸಿತು. ಉಳಿದಿದ್ದ ಒಂದು ಕೇಕನ್ನು ಕದ್ದು ನನ್ನ ಕಂಕುಳಿಗೆ ಸೇರಿಸಿದೆ. ಮೂರು ದಿನ ಹಾಗೇ ಇದ್ದೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಕೈಯೆತ್ತಲಾಗದೆ ಟೀಚರ ಕಣ್ಣಿನಲ್ಲಿ ದಡ್ಡಿಯಾದೆ. ನಾಲ್ಕನೆಯ ಸಂಜೆ ಕೇಕಿಗೆ ಅಂಟಿದ್ದ ನನ್ನ ಅಂಗಿಯ ಉಣ್ಣೆಯ ಎಳೆಗಳನ್ನು ಬಿಡಿಸಿ, ತಾತನ ತಟ್ಟೆಯಲ್ಲಿಟ್ಟೆ.

ತಾತ ಕಚ್ಚಿದ. ಅಗಿಯುವುದು ನಿಂತಿತು. ನನ್ನ ಮುಖ ನೋಡಿದ, ಆಮೇಲೆ ತೋಳು ನೋಡಿದ. ಮತ್ತೆ ಅಗಿದ. ಚೂರೂ ಬಿಡದೆ ತಿಂದು, ಮೀಸೆ ಒರೆಸಿ, ಟೋಪಿ ತೆಗೆದುಕೊಂಡು ಎಂದಿನಂತೆ ಲಾಯಕ್ಕೆ ಹೊರಟುಹೋದ.

ಕಿಟಕಿಯ ಬಳಿ ನಿಂತು ಅತ್ತೆ. ಅಜ್ಜಿ ವಿಷಯ ಕೇಳಿ ತಿಳಿದುಕೊಂಡಳು. ಬೈಯಲಿಲ್ಲ. ಖಾಲಿ ತಟ್ಟೆಯನ್ನೇ ನೋಡುತ್ತ ಕೂತಳು.

"ಮೂವತ್ತೈದು ವರ್ಷದಿಂದ ಅದೇ ಕೇಕು ಬೇಯಿಸ್ತಿದ್ದೀನಿ," ಅಂದಳು. "ನಂಗೆ ಇದು ಹೊಳೀಲೇ ಇಲ್ವಲ್ಲೇ."

ಅಷ್ಟರಲ್ಲಿ ಲಾಯದಿಂದ ತಾತ ನನ್ನ ಹೆಸರು ಹಿಡಿದು ಕೂಗಿದ. ಹೋದೆ. ಅವನು ಬಾನಿಯ ಬೆನ್ನು ಉಜ್ಜುತ್ತಿದ್ದ.

"ಮೂರೇ ದಿನ ಇಟ್ಕೊಂಡಿದ್ದೆ, ಅಲ್ವಾ?"

ತಲೆಯಾಡಿಸಿದೆ.

"ಸಾಲದು ಪುಟ್ಟಿ. ಐದು ಬೇಕು." ಬಾಗಿಲ ಕಡೆ ಕಣ್ಣು ಹಾಯಿಸಿ, "ಬಾರೆಟ್‌ಗೆ ಹೇಳಬೇಡ," ಅಂದ.

ಬ್ರಷ್ಷನ್ನು ಗೋಡೆಗೆ ಸಿಕ್ಕಿಸಿ, ನನ್ನನ್ನು ಮೇವಿನ ಪೆಟ್ಟಿಗೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಕತೆ ಎಲ್ಲಿಗೆ ನಿಂತಿತ್ತೆಂದು ಕೇಳಿದ. ಅರ್ಧ ಮೈಯಷ್ಟೇ ಉಜ್ಜಿಸಿಕೊಂಡಿದ್ದ ಬಾನಿ ಕತ್ತು ಹೊರಳಿಸಿ ನಮ್ಮಿಬ್ಬರನ್ನು ನೋಡಿದಳು. ಕಿವಿಗಳು ಹಿಂದಕ್ಕೆ ಮಲಗಿದವು. ಗೊರಸಿನಿಂದ ನೆಲಕ್ಕೆ ಒಂದೇಟು ಹಾಕಿದಳು. ತಾತ ಏಳಲಿಲ್ಲ.

ಕತೆ ಎಲ್ಲಿಗೆ ನಿಂತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಿಧಾನವಾಗಿ, ಬೇಕೆಂದೇ ಬಹಳ ನಿಧಾನವಾಗಿ, ನೆನಪು ಮಾಡಿಕೊಂಡೆ.